ಹೋಗಿ ಬರುವ ಕರೆಂಟಿಗೆ ಒಗ್ಗಿದ ಆಂಪ್ಲಿಫೈಯರ್: ಎಲ್‌ಎಂ3886

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿದರೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಯಿತು ಅಂತ ಯಾರೂ ಲೆಕ್ಕ ಇಡುವುದಿಲ್ಲ. ಸಿಲ್ವರ್ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಮುಗಿಯಿತು. ಹಾಗಾಗಿ ಸ್ಪೀಕರ್‌ಗಳಿಗೆ ಪವರ್ ಆಂಪ್ಲಿಫೈಯರ್ ಕಟ್ಟಲು ಕೂತಾಗ ನನಗಿದ್ದ ಚಿಂತೆ ಒಂದೇ: ಕರೆಂಟು ಹೋಗಿ ಬರುವಾಗಲೆಲ್ಲ ವೂಫರ್‌ಗೆ, ಅಂದರೆ ಕೆಳದನಿಯ ದೊಡ್ಡ ಸ್ಪೀಕರ್‌ಗೆ, 'ಧಡ್' ಅಂತ ಪೆಟ್ಟು ಬೀಳಬಾರದು.

ಮನಸ್ಸು ಮೊದಲು ಎಳೆದದ್ದು ಜಾನ್ ಲಿನ್ಸ್ಲಿ ಹುಡ್ 1969ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಗೆ ಬರೆದ 10 ವ್ಯಾಟಿನ ಕ್ಲಾಸ್ ಎ ಸರ್ಕ್ಯೂಟಿನ ಕಡೆಗೆ. ಚಾನೆಲ್‌ಗೆ ನಾಲ್ಕೇ ಟ್ರಾನ್ಸಿಸ್ಟರ್, ನೋಡಲು ಅಷ್ಟು ಚೆಂದ. ಆದರೆ ಹಾಡಿರಲಿ ಬಿಡಲಿ, 27 ವೋಲ್ಟಿನಲ್ಲಿ ಚಾನೆಲ್‌ಗೆ 1.2 ಆಂಪ್ ಎಳೆಯುತ್ತಲೇ ಇರುತ್ತದೆ. ಎಡ ಬಲ ಎರಡೂ ಚಾನೆಲ್ ಸೇರಿ 65 ವ್ಯಾಟ್! ಇನ್ವರ್ಟರ್ ನಂಬಿದ ಮನೆಗೆ ಅದು ಭಾರ. ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಮಾಡುತ್ತ ದುಡಿಯುವ ಕ್ಲಾಸ್ ಡಿಯ ಟಿಪಿಎ3116 ಬೋರ್ಡನ್ನು ಗೆಳೆಯನ ಮನೆಯಲ್ಲಿ ಕೇಳಿದೆ. 12 ವೋಲ್ಟ್ ಬ್ಯಾಟರಿ ಸಾಕು, ಬಿಸಿಯೂ ಆಗದು. ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೋ ಇಟ್ಟರೆ ಮಾತ್ರ ಬರೀ ಗರಗರ. ಬೆಳಿಗ್ಗೆ ಆಕಾಶವಾಣಿ ಕೇಳದೆ ನಮ್ಮ ಅಪ್ಪನಿಗೆ ಕಾಫಿ ಇಳಿಯುವುದಿಲ್ಲ.

ಕೊನೆಗೆ ಆರಿಸಿದ್ದು ಎಲ್‌ಎಂ3886, ಹನ್ನೊಂದು ಕಾಲಿನ ಕ್ಲಾಸ್ ಎಬಿ ಚಿಪ್. ಕ್ಲಾಸ್ ಎಯಂತೆ ಸುಮ್ಮನೆ ಕೂತಾಗಲೂ ಅಷ್ಟು ಕರೆಂಟು ಎಳೆಯದು. 18-0-18 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, 10,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಎರಡು; ಪ್ಲಸ್ ಮೈನಸ್ 25 ವೋಲ್ಟ್ ಬರುತ್ತದೆ. ಸಂಜೆ ಹೊತ್ತು ಲೈನ್ 180 ವೋಲ್ಟಿಗೆ ಇಳಿದರೆ ಇದೂ ಪ್ಲಸ್ ಮೈನಸ್ 18-19ಕ್ಕೆ ಇಳಿಯುತ್ತದೆ. ಚಿಪ್‌ಗೆ ಅದು ಲೆಕ್ಕಕ್ಕಿಲ್ಲ, ಎರಡೂ ಕಡೆ ಸೇರಿ 20 ವೋಲ್ಟ್ ಸಿಕ್ಕರೂ ಕೆಲಸ ಮಾಡುತ್ತದೆ. ಜೋರು ಮಾತ್ರ ಕಡಿಮೆ. ವೋಲ್ಟೇಜು ತೀರಾ ಕುಸಿದಾಗ ಒಳಗಿನ ರಕ್ಷಣೆ ತಾನಾಗಿ ಔಟ್‌ಪುಟ್ ಮುಚ್ಚುತ್ತದೆ. ನನಗೆ ಬೇಕಿದ್ದುದೇ ಇದು. ಎಂಟನೇ ಕಾಲಿಗೆ, ಅಂದರೆ ದನಿ ಮುಚ್ಚುವ ಮ್ಯೂಟ್‌ಗೆ, ರೆಸಿಸ್ಟರ್ ಜೊತೆ ಒಂದು ಕೆಪಾಸಿಟರ್ ಸೇರಿಸಿದರೆ ಕರೆಂಟು ಬಂದ ಮೇಲೂ ತುಸು ತಡೆದು ಶುರುವಾಗುತ್ತದೆ.

ಕಟ್ಟುವವರು ಒಂದು ಕಡೆ ಹುಷಾರಾಗಿರಬೇಕು. ಎಲ್‌ಎಂ3886ಟಿ ಚಿಪ್‌ನ ಲೋಹದ ಬೆನ್ನು ಮೈನಸ್ ವೋಲ್ಟೇಜಿಗೆ ಸೇರಿದೆ; ಬಿಸಿ ಹೀರುವ ಹೀಟ್‌ಸಿಂಕ್‌ಗೆ ಅದು ನೇರ ತಾಗಬಾರದು. ನಾನು ಮೈಕಾ ಹಾಳೆ ಇಟ್ಟು, ಬಿಳಿ ಪೇಸ್ಟ್ ಸವರಿ, ಸ್ಕ್ರೂ ಬಿಗಿದು, ಶಾರ್ಟ್ ಇದ್ದರೆ ಗೊತ್ತಾಗಲಿ ಅಂತ ಲೈನಿಗೆ ಸೀರೀಸ್ ಬಲ್ಬ್ ಹಾಕಿ ಸ್ವಿಚ್ ಒತ್ತಿದೆ. ಬಲ್ಬ್ ಮಿಂಚಿ ಮಂಕಾಗಬೇಕಿತ್ತು. ಪೂರ್ತಿ ಉರಿಯುತ್ತ ನಿಂತಿತು. ಬಿಚ್ಚಿ ನೋಡಿದರೆ, ಹೀಟ್‌ಸಿಂಕ್‌ಗೆ ಕೊರೆದ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಅಲ್ಯೂಮಿನಿಯಂ ಎದ್ದು ಮೈಕಾವನ್ನು ಚುಚ್ಚಿತ್ತು. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅಂಚು ನಯ ಮಾಡಿದೆ, ಹೊಸ ಹಾಳೆ ಹಾಕಿದೆ. ಇದು ಬೇಡ ಅನ್ನುವವರು ಪ್ಲಾಸ್ಟಿಕ್ ಬೆನ್ನಿನ 'ಟಿಎಫ್' ಕೇಳಿ ತನ್ನಿ. ಮೊದಲು ತರಿಸಿದ ಅಗ್ಗದ ಚಿಪ್‌ಗಳು ನಕಲಿಯಾಗಿದ್ದವು, ಅಕ್ಷರ ಸ್ಪಿರಿಟ್‌ಗೆ ಅಳಿಸಿಹೋಯಿತು. ಚಿಪ್‌ನಲ್ಲಿ ದುಡ್ಡು ಉಳಿಸಬೇಡಿ.

ದನಿಗೆ ಬಂದರೆ, ಭೀಮಸೇನ ಜೋಶಿಯವರು ಆಲಾಪ ಎತ್ತುವ ಮೊದಲಿನ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆ ಕೇಳುತ್ತದೆ. 8 ಓಮ್ ಸ್ಪೀಕರ್‌ಗೆ ಸುಮಾರು 25 ವ್ಯಾಟ್, ನಮ್ಮ ಹಜಾರಕ್ಕೆ ಧಾರಾಳ. 4 ಓಮ್ ಇದ್ದು ಜೋರಾಗಿ ಕೇಳುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಮೊನ್ನೆ ರಾತ್ರಿ ಹಾಡಿನ ನಡುವೆ ಮೂರು ಸಲ ಕರೆಂಟು ಹೋಯಿತು. ಮೂರು ಸಲವೂ ದನಿ ಸದ್ದಿಲ್ಲದೆ ನಿಂತು ಸದ್ದಿಲ್ಲದೆ ಮರಳಿತು. ಇನ್ನು ಬೋರ್ಡಿನ ಬೆನ್ನಿಗೆ ವಾರ್ನಿಷ್ ಹೊಡೆಯುವುದೊಂದು ಬಾಕಿ. ನಮ್ಮ ಥಂಡಿಗೆ ಬೂಸ್ಟು ಹಿಡಿಯದೆ ಬಿಡುವುದಿಲ್ಲ.