ಮರಗೆಲಸದ ಸಾಮಾನು: ಮಾರಿದ್ದು, ಬಾಡಿಗೆ ಕೋಣೆಗೆ ಹಾಕಿದ್ದು, ಜೊತೆಗೆ ತಂದಿದ್ದು

ಹಳೇ ಮನೆಯ ಹಿಂದೆ ಮರಗೆಲಸಕ್ಕೆ ಅಂತಲೇ ಒಂದು ಶೆಡ್ ಇತ್ತು. 20 ಅಡಿ ಉದ್ದ, 14 ಅಡಿ ಅಗಲ. ಹದಿನೇಳು ವರ್ಷ ಅಲ್ಲಿ ಕೆಲಸ ಮಾಡಿದ್ದೆ. ಟೇಬಲ್ ಸಾ (ಮೇಜಿನ ನಡುವೆ ದುಂಡು ಬ್ಲೇಡ್ ತಿರುಗುವ ಗರಗಸ), ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡಿನ ಗರಗಸ), ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಥಿಕ್‌ನೆಸ್ ಪ್ಲೇನರ್, ಮರದಲ್ಲಿ ತೋಡು ಕೊರೆಯುವ ರೂಟರ್, ನೇರವಾಗಿ ತೂತು ಕೊರೆಯುವ ಡ್ರಿಲ್ ಪ್ರೆಸ್, ಧೂಳು ಹೀರುವ ಮೆಷಿನ್, ಒಂದು ಭಾರವಾದ ಬೆಂಚು, ಗೋಡೆ ತುಂಬ ಮರ ಬಿಗಿದು ಹಿಡಿಯುವ ಕ್ಲ್ಯಾಂಪು. ಜೊತೆಗೆ ಒಂದು ಪೆಟ್ಟಿಗೆ ತುಂಬ ಉಳಿ, ಕೀಸುಳಿ, ಗರಗಸ. ಮಕ್ಕಳು ಬೇರೆ ಕಡೆ ನೆಲೆಯಾದ ಮೇಲೆ ನಾವಿಬ್ಬರೂ ಚಿಕ್ಕ ಮನೆಗೆ ಹೋಗುವುದು ಅಂತ ಆಯಿತು. ಹೊಸ ಮನೆಯಲ್ಲಿ ನನ್ನ ಪಾಲಿಗೆ ಬಂದಿದ್ದು 9 ಅಡಿಗೆ 7 ಅಡಿಯ ಒಂದು ಕೋಣೆ. ಅದರ ಗೋಡೆಯ ಆಚೆ ಪಕ್ಕದ ಮನೆಯವರು ಮಲಗುವ ಕೋಣೆ.

ನನ್ನ ಮುಂದೆ ನಾಲ್ಕು ದಾರಿ ಇದ್ದವು. ಮಾರುವುದು. ಬಾಡಿಗೆಗೆ ಒಂದು ಕೋಣೆ ಹಿಡಿದು ತುಂಬಿಡುವುದು. ಹತ್ತಾರು ಜನ ಸೇರಿ ಬಳಸುವ ವರ್ಕ್‌ಶಾಪಿಗೆ ಸದಸ್ಯನಾಗುವುದು. ಇಲ್ಲವೇ ಕೈ ಉಪಕರಣಗಳನ್ನಷ್ಟೇ ಆ ಪುಟ್ಟ ಕೋಣೆಗೆ ತರುವುದು. ಎರಡು ವರ್ಷದಲ್ಲಿ ನಾಲ್ಕನ್ನೂ ಮಾಡಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಬಾಡಿಗೆ ಕೋಣೆಯ ದಾರಿಗೆ ಹೋಗಬೇಡಿ. ಉಳಿದ ಮೂರರಲ್ಲಿ ಯಾವುದು ಅನ್ನುವುದು ನೀವು ಮುಂದೆ ಏನು ಮಾಡಬೇಕು ಅಂದುಕೊಂಡಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮೊದಲು ಚಾಕ್‌ಪೀಸಿನ ಗೆರೆ

ಮನೆ ಬಿಡುವುದಕ್ಕೆ ಇನ್ನೂ ಮೂರು ತಿಂಗಳು ಇತ್ತು. ಶೆಡ್ಡಿನ ನೆಲದ ಮೇಲೆ ಚಾಕ್‌ಪೀಸಿನಿಂದ 9 ಅಡಿಗೆ 7 ಅಡಿಯ ಚೌಕಟ್ಟು ಎಳೆದೆ. ಬೆಂಚನ್ನು ಅದರೊಳಗೆ ತಳ್ಳಿದೆ. ಒಂದು ತಿಂಗಳು ಆ ಗೆರೆಯೊಳಗೇ ಕೆಲಸ ಮಾಡಿದೆ. ಯಾವುದಕ್ಕಾದರೂ ಗೆರೆ ದಾಟಬೇಕಾದರೆ ಏನಕ್ಕೆ ದಾಟಿದೆ ಅಂತ ಪುಸ್ತಕದಲ್ಲಿ ಬರೆದೆ. ಇಡೀ ಲೆಕ್ಕಾಚಾರದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಒಂದು ತಿಂಗಳು.

ಅಲ್ಲಿಯವರೆಗೆ ನಾನು ಮೆಷಿನ್‌ಗಳನ್ನು ಅಳೆದಿದ್ದು ಅವು ನಿಲ್ಲುವ ಜಾಗದ ಲೆಕ್ಕದಲ್ಲಿ. ಟೇಬಲ್ ಸಾ ನಿಲ್ಲುವುದಕ್ಕೆ ಊಟದ ಮೇಜಿಗಿಂತ ಕಡಿಮೆ ಜಾಗ ಸಾಕು. ಆದರೆ 8 ಅಡಿ ಹಲಗೆಯನ್ನು ಅದರಲ್ಲಿ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ ಬೇಕು, ಹಿಂದೆ 8 ಅಡಿ ಬೇಕು. ಒಟ್ಟು 16 ಅಡಿ. ಥಿಕ್‌ನೆಸ್ ಪ್ಲೇನರ್‌ಗೂ ಇದೇ ಲೆಕ್ಕ. 9 ಅಡಿಯ ಕೋಣೆಯಲ್ಲಿ ನಾಲ್ಕು ಅಡಿ ಹಲಗೆ ದೂಡುವಷ್ಟರಲ್ಲಿ ಗೋಡೆ ಬಂದುಬಿಡುತ್ತದೆ.

ಹೀಗಾಗಿ ಉಪಕರಣಗಳು ಎರಡು ಗುಂಪಾದವು. ಒಂದು, ಉಪಕರಣ ನಿಂತಲ್ಲೇ ಇದ್ದು ಮರ ಓಡಾಡುವಂಥವು. ಇನ್ನೊಂದು, ಮರ ನಿಂತಲ್ಲೇ ಇದ್ದು ಉಪಕರಣ ಓಡಾಡುವಂಥವು. ಉಳಿ, ಕೀಸುಳಿ, ಕೈಗರಗಸ, ಹಳಿಯಂಥ ಪಟ್ಟಿಯ ಮೇಲೆ ಜಾರುವ ಟ್ರ್ಯಾಕ್ ಸಾ, ಕೈಯಲ್ಲಿ ಹಿಡಿಯುವ ರೂಟರ್ ಎರಡನೇ ಗುಂಪು. ಇವಕ್ಕೆ ಮರ ಹಿಡಿಸುವಷ್ಟು ಮತ್ತು ನನ್ನ ಮೊಣಕೈ ಆಡುವಷ್ಟು ಜಾಗ ಇದ್ದರೆ ಸಾಕು. ಡ್ರಿಲ್ ಪ್ರೆಸ್ ಮಧ್ಯದ್ದು. ಅಲ್ಲಿ ಎರಡೂ ಜಾಸ್ತಿ ಓಡಾಡುವುದಿಲ್ಲ. ಮೂಲೆಯಲ್ಲಿ ಸುಮ್ನೆ ನಿಂತಿರುತ್ತದೆ.

ಪುಸ್ತಕದಲ್ಲಿ ಇನ್ನೊಂದು ವಿಷಯ ಕಂಡಿತು. ಟೇಬಲ್ ಸಾಗೆ ಅಂತ ಗೆರೆ ದಾಟಿದ್ದರಲ್ಲಿ ಮುಕ್ಕಾಲು ಪಾಲು ಪ್ಲೈವುಡ್ ಹಾಳೆ ಕತ್ತರಿಸುವುದಕ್ಕೆ. ಪ್ಲೈವುಡ್ ಬೇಕಾಗಿದ್ದು ದೊಡ್ಡ ಬೀರು, ಶೆಲ್ಫು ಮಾಡುವುದಕ್ಕೆ. ಚಿಕ್ಕ ಮನೆಗೆ ಹೋದ ಮೇಲೆ ಬೀರು ಯಾರಿಗೆ ಮಾಡಲಿ? ಮೆಷಿನ್‌ಗಿಂತ ಮುಂಚೆ ಆ ಕೆಲಸವೇ ನನ್ನ ಬದುಕಿನಿಂದ ಹೊರಟಿತ್ತು. ಇದು ಗೊತ್ತಾದಾಗ ಸ್ವಲ್ಪ ಹೊತ್ತು ಬೇಜಾರಾಯಿತು. ಆಮೇಲೆ ಮಾರುವ ವಿಷಯದಲ್ಲಿ ಮನಸ್ಸು ಹಗುರವಾಯಿತು.

ಒಂದೇ ಪೆಟ್ಟಿಗೆ, ಎರಡು ಸಲ

ಕೈ ಉಪಕರಣಗಳಿಂದಲೇ ನಡೆಯುತ್ತದಾ ಅನ್ನುವ ಅನುಮಾನ ಇತ್ತು. ಅದಕ್ಕೆ ಒಂದೇ ಅಳತೆಯ ಪೆಟ್ಟಿಗೆಯನ್ನು ಎರಡು ಸಲ ಮಾಡಿದೆ. 18 ಇಂಚು ಉದ್ದ, 10 ಇಂಚು ಅಗಲ, ಮೂಲೆಗಳಲ್ಲಿ ಡವ್‌ಟೇಲ್ ಜೋಡಣೆ (ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಕೂರುವಂಥದ್ದು). ಮೊದಲನೆಯದನ್ನು ಮೆಷಿನ್‌ಗಳ ಸಹಾಯದಿಂದ ಮಾಡಿದೆ. ಎರಡನೆಯದು ಪೂರ್ತಿ ಕೈಯಲ್ಲಿ.

ಮೆಷಿನ್ ಸಹಾಯದ್ದು ಐದು ಗಂಟೆ ಹಿಡಿಯಿತು. ಕೈಯದು ಎಂಟೂವರೆ ಗಂಟೆ. ಆದರೆ ಆ ಹೆಚ್ಚಿನ ಸಮಯ ಎಲ್ಲಿ ಹೋಯಿತು ಅಂತ ನೋಡಿದರೆ, ಬಹುತೇಕ ಎಲ್ಲವೂ ಹಲಗೆಗಳನ್ನು ಒಂದೇ ದಪ್ಪಕ್ಕೆ ತರುವುದರಲ್ಲಿ. ಡವ್‌ಟೇಲ್ ಕತ್ತರಿಸುವುದು ಎರಡು ಸಲವೂ ಕೈಯಲ್ಲೇ ಆಗಿತ್ತು. ಅಂಟು ಹಾಕುವುದು, ಕೊನೆಯ ನಯಗೆಲಸ, ಎರಡಕ್ಕೂ ಒಂದೇ ಸಮಯ. ಅಂದರೆ ನನಗೆ ಮೆಷಿನ್‌ನಿಂದ ಆಗುತ್ತಿದ್ದ ಲಾಭ ಒಂದೇ ಹಂತದಲ್ಲಿ. ಆ ಹಂತವನ್ನು ಹೊರಗೆ ಮಾಡಿಸಬಹುದು. ಮರ ಕೊಳ್ಳುವಾಗಲೇ ಬೇಕಾದ ದಪ್ಪಕ್ಕೆ ಕೀಸಿಸಿ ತಂದರೆ ಆಯಿತು. ತಂದ ಮೇಲೆ ಒಂದೆರಡು ವಾರ ಕೋಣೆಯ ಗಾಳಿಗೆ ಬಿಟ್ಟು, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ಮರ ಹೊಸ ಜಾಗದ ತೇವಕ್ಕೆ ಹೊಂದಿಕೊಳ್ಳಬೇಕಲ್ವಾ.

ಸದ್ದನ್ನೂ ಫೋನಿನಲ್ಲಿ ಅಳೆದೆ. ಫೋನಿನ ಅಳತೆ ಪಕ್ಕಾ ಇರುವುದಿಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ರೂಟರ್ ಸುಮಾರು 94 ಡೆಸಿಬೆಲ್ ತೋರಿಸಿತು. ಪ್ಲೇನರ್ ಅದಕ್ಕಿಂತ ಜಾಸ್ತಿ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಅನ್ನುವುದು ಕಿವಿಯ ರಕ್ಷಣೆಗೆ ಸಾಮಾನ್ಯವಾಗಿ ಹೇಳುವ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 94ಕ್ಕೆ ಒಂದೇ ಗಂಟೆ. ನಾನಾದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಗೋಡೆಯ ಆಚೆ ಮಲಗಿದವರು ಏನು ಮಾಡಬೇಕು? ಕೀಸುಳಿಯ ಸದ್ದು ಮಾತಾಡುವ ದನಿಯ ಮಟ್ಟದಲ್ಲೇ ಇತ್ತು. ಕೊಡತಿಯಿಂದ ಉಳಿಗೆ ಹೊಡೆಯುವುದು ಮಾತ್ರ ಗೋಡೆ ದಾಟುತ್ತದೆ. ಅದನ್ನು ಹಗಲಲ್ಲೇ ಮುಗಿಸಬೇಕು.

ಧೂಳಿನ ಮಾತು ಇನ್ನೂ ಗಂಭೀರ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಶೆಡ್ಡಿನಲ್ಲಿ ಧೂಳು ಹೀರುವ ಮೆಷಿನ್ ಇತ್ತು, ಬಾಗಿಲು ತೆರೆದರೆ ಗಾಳಿ ಆಡುತ್ತಿತ್ತು. ಮಲಗುವ ಕೋಣೆಯ ಪಕ್ಕದಲ್ಲಿ ಮರ ಉಜ್ಜುವ ಸ್ಯಾಂಡರ್ ಮೆಷಿನ್ ಹಿಡಿದು ಕೂರುವುದು ಬೇರೆಯೇ ವಿಷಯ. ಕೀಸುಳಿಯಿಂದ ಬರುವುದು ಸುರುಳಿ ಸುರುಳಿ ಚಕ್ಕೆ. ಪೊರಕೆಯಲ್ಲಿ ಗುಡಿಸಿದರೆ ಆಯಿತು.

ಬಾಡಿಗೆ ಕೋಣೆಯ ಏಳು ತಿಂಗಳು

ಇಷ್ಟೆಲ್ಲ ಗೊತ್ತಾದ ಮೇಲೂ ಮೆಷಿನ್‌ಗಳನ್ನು ಒಮ್ಮೆಲೇ ಬಿಡಲು ಮನಸ್ಸಾಗಲಿಲ್ಲ. ಮುಂದೆ ಬೇಕಾದರೆ ಅಂತ ಬಾಡಿಗೆಗೆ ಒಂದು ಕೋಣೆ ಹಿಡಿದು ತುಂಬಿದೆ. ಏಳು ತಿಂಗಳು ಬಿಟ್ಟು ಬೀಗ ತೆಗೆದಾಗ ಟೇಬಲ್ ಸಾದ ಎರಕದ ಕಬ್ಬಿಣದ ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿತ್ತು. ನಾನೇ ಪ್ರೀತಿಯಿಂದ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ್ದೆ. ಅದೇ ತಪ್ಪಾಗಿತ್ತು.

ಇದು ಹೇಗಾಗುತ್ತದೆ ಅಂದರೆ, ರಾತ್ರಿ ಕಬ್ಬಿಣ ತಣ್ಣಗಾಗುತ್ತದೆ. ಬೆಳಗ್ಗೆ ಗಾಳಿ ಬಿಸಿಯಾಗಿ ತೇವ ತುಂಬಿಕೊಂಡು ಬರುತ್ತದೆ. ಆದರೆ 200 ಕೆಜಿ ಕಬ್ಬಿಣ ಅಷ್ಟು ಬೇಗ ಬಿಸಿಯಾಗುವುದಿಲ್ಲ. ತಣ್ಣನೆಯ ಲೋಟದ ಮೇಲೆ ನೀರು ಕೂರುವ ಹಾಗೆ ಅದರ ಮೇಲೆ ತೇವ ಕೂರುತ್ತದೆ. ಪ್ಲಾಸ್ಟಿಕ್ ಆ ತೇವವನ್ನು ಆರಲು ಬಿಡುವುದಿಲ್ಲ. ರಟ್ಟಿನ ಪೆಟ್ಟಿಗೆಯೂ ತೇವ ಹೀರಿ ಇಟ್ಟುಕೊಳ್ಳುತ್ತದೆ. ಬ್ಯಾಟರಿಯ ಡ್ರಿಲ್‌ನ ಎರಡು ಬ್ಯಾಟರಿಗಳಲ್ಲಿ ಒಂದು ಪೂರ್ತಿ ಇಳಿದುಹೋಗಿ ಮತ್ತೆ ಚಾರ್ಜ್ ಆಗಲೇ ಇಲ್ಲ. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ ತಂಪಾದ ಜಾಗದಲ್ಲಿ ಇಡಬೇಕು, ಆಗಾಗ ನೋಡಬೇಕು. ದೂರದ ಕೋಣೆಯಲ್ಲಿ ಅದನ್ನು ನೋಡುವವರು ಯಾರು?

ಎರಡು ದಿನ ಕೂತು ಎಣ್ಣೆ ಹಾಕಿ, ಸ್ಟೀಲ್ ವೂಲ್‌ನಿಂದ ಉಜ್ಜಿ, ಮೇಣ ಸವರಿ ಸರಿ ಮಾಡಿದೆ. ಸಿಲಿಕೋನ್ ಇಲ್ಲದ ಮೇಣವನ್ನೇ ಬಳಸಿ. ಸಿಲಿಕೋನ್ ಮರಕ್ಕೆ ಅಂಟಿದರೆ ಆಮೇಲೆ ಪಾಲಿಶ್ ಕೂರುವುದಿಲ್ಲ, ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ ಬೀಳುತ್ತದೆ. ತುಕ್ಕು ಹೋಯಿತು, ಕಲೆ ಉಳಿಯಿತು. ಆ ಕಲೆಯಿಂದಾಗಿ ಕೊನೆಗೆ ಮಾರುವಾಗ ಬೆಲೆಯೂ ಇಳಿಯಿತು. ಏಳು ತಿಂಗಳ ಬಾಡಿಗೆ ಕೊಟ್ಟು ನಾನು ಕೊಂಡಿದ್ದು ತುಕ್ಕನ್ನು. ಆ ಏಳು ತಿಂಗಳಲ್ಲಿ ಒಂದೇ ಒಂದು ದಿನವೂ ಆ ಮೆಷಿನ್ ನನಗೆ ಬೇಕು ಅನ್ನಿಸಿರಲಿಲ್ಲ ಅನ್ನುವುದೂ ನಿಜ.

ಮಾರುವುದು: ಗುಂಪಾಗಿಯಾ, ಬಿಡಿಯಾಗಿಯಾ?

ಎರಡೂ ಮಾಡಿದೆ. ಸಣ್ಣ ವಿದ್ಯುತ್ ಉಪಕರಣ ಮತ್ತು ಕ್ಲ್ಯಾಂಪುಗಳನ್ನು ಒಟ್ಟಿಗೆ ಒಬ್ಬರಿಗೇ ಕೊಟ್ಟೆ. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು, ಆದರೆ ಕೊಂಡ ಬೆಲೆಯ ಕಾಲು ಭಾಗವೂ ಬರಲಿಲ್ಲ. ದೊಡ್ಡ ಮೆಷಿನ್‌ಗಳನ್ನು ಒಂದೊಂದಾಗಿ ಮಾರಿದೆ. ಒಂದೂವರೆ ತಿಂಗಳು ಹಿಡಿಯಿತು, ಸಾಕಷ್ಟು ಫೋನ್, ಸಾಕಷ್ಟು ಚೌಕಾಸಿ. ಪ್ಲೇನರ್ ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿಗೆ ಹೋಯಿತು. ಟೇಬಲ್ ಸಾ ಕಲೆ ಇಲ್ಲದಿದ್ದರೆ ಅದೂ ಅಂಥ ಬೆಲೆಗೆ ಹೋಗುತ್ತಿತ್ತು.

ಬೆಲೆ ಬರುವುದು ಯಾವುದರಿಂದ ಅಂತ ನನಗೆ ಕಂಡಿದ್ದು ಇಷ್ಟು. ಮೆಷಿನ್ ಇನ್ನೂ ತನ್ನ ಜಾಗದಲ್ಲಿ ನಿಂತು, ವಿದ್ಯುತ್ ಇದ್ದು, ಕೊಳ್ಳುವವರ ಎದುರು ಒಂದು ಹಲಗೆ ಸೀಳಿ ತೋರಿಸುವ ಹಾಗಿರಬೇಕು. ಹಲಗೆಯನ್ನು ನೇರಕ್ಕೆ ಸಾಗಿಸುವ ಫೆನ್ಸ್, ಬೆರಳು ತಾಗದಂತೆ ಬ್ಲೇಡನ್ನು ಮುಚ್ಚುವ ಗಾರ್ಡ್, ಬ್ಲೇಡಿನ ಹಿಂದೆ ಮರ ಬಿಗಿಯದಂತೆ ತಡೆಯುವ ರೈವಿಂಗ್ ನೈಫ್, ಕೈಪಿಡಿ, ಎಲ್ಲ ಜೊತೆಗಿರಬೇಕು. ಗಾರ್ಡ್ ಇಲ್ಲದ ಟೇಬಲ್ ಸಾ ಮಾರಬೇಡಿ. ಬೆಲೆಗಿಂತ ಕೊಂಡವರ ಬೆರಳು ದೊಡ್ಡದು. ಈ ಕಾರಣಕ್ಕೇ ದೊಡ್ಡ ಮೆಷಿನ್‌ಗಳನ್ನು ಮನೆ ಬಿಡುವ ಮುಂಚೆ ಮಾರಬೇಕು. ಬಾಡಿಗೆ ಕೋಣೆಯಲ್ಲಿ ಪ್ಲಗ್ ಕೂಡ ಇರಲಿಲ್ಲ.

ನಾನು ಪಶ್ಚಾತ್ತಾಪ ಪಟ್ಟಿದ್ದು ದೊಡ್ಡದನ್ನು ಮಾರಿದ್ದಕ್ಕಲ್ಲ. ಕ್ಲ್ಯಾಂಪುಗಳನ್ನು ಗುಂಪಿನಲ್ಲಿ ಕೊಟ್ಟಿದ್ದಕ್ಕೆ. ಅಂಟು ಒಣಗುವವರೆಗೆ ಹಲಗೆ ಹಿಡಿಯಲು ಎರಡು ಕೈ ಸಾಲುವುದಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಕ್ಲ್ಯಾಂಪು ಹೊಸದಾಗಿ ಕೊಂಡೆ. ಆ ಗುಂಪಿನಲ್ಲೇ ಹಲಗೆಯ ಅಂಚಿಗೆ ಸಮನಾಗಿ ಗೆರೆ ಎಳೆಯುವ ಒಂದು ಹಳೇ ಮಾರ್ಕಿಂಗ್ ಗೇಜ್ ಕೂಡ ಹೋಯಿತು. ಅದರ ಮರದ ಹಿಡಿ ನನ್ನ ಹೆಬ್ಬೆರಳಿಗೆ ಸವೆದು ಒಗ್ಗಿತ್ತು. ಹೊಸದು ಚೆನ್ನಾಗಿಯೇ ಇದೆ, ಗೆರೆಯೂ ನೇರ ಬರುತ್ತದೆ. ಆದರೂ ಕೈ ಹಳೆಯದನ್ನು ಹುಡುಕುತ್ತದೆ. ಮಾರಿದರೆ ಬರುವ ದುಡ್ಡು ಅಲ್ಪ, ಇಡಲು ಬೇಕಾದ ಜಾಗವೂ ಅಲ್ಪ ಅನ್ನುವಂಥದ್ದನ್ನು ಇಟ್ಟುಕೊಳ್ಳಿ.

ಸೇರಿ ಬಳಸುವ ವರ್ಕ್‌ಶಾಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾಲ್ಕು ತಿಂಗಳಷ್ಟೇ ಹೋಗಿದ್ದೆ. ಮೆಷಿನ್‌ಗಳು ಒಳ್ಳೆಯವು, ಜನರೂ ಒಳ್ಳೆಯವರು. ಆದರೆ ಬ್ಲೇಡ್ ಯಾವಾಗ ಹರಿತ ಇರುತ್ತದೆ ಅಂತ ಹೇಳಲು ಬರುವುದಿಲ್ಲ, ಅರ್ಧ ಆದ ಕೆಲಸ ಇಡಲು ಜಾಗ ಇಲ್ಲ. ಪ್ರತಿ ಸಲ ಹಲಗೆ ಹೊತ್ತು ತರಬೇಕು, ಹೊತ್ತು ಒಯ್ಯಬೇಕು. ತಿಂಗಳಿಗೆ ಒಮ್ಮೆ ದೊಡ್ಡ ಕತ್ತರಿಸುವಿಕೆ ಇರುವವರಿಗೆ ಇದು ಬಹಳ ಒಳ್ಳೆಯ ದಾರಿ. ನನ್ನ ಕೆಲಸ ಸಂಜೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಿಕ್ಕಾಗ ಆಗುವಂಥದ್ದು. ನನಗೆ ಹೊಂದಲಿಲ್ಲ.

ಈಗಿನ ಕೋಣೆ

ಉಳಿಸಿಕೊಂಡಿದ್ದು: ಆರು ಉಳಿ, 4ನೇ ನಂಬರಿನ ಮತ್ತು 5ನೇ ನಂಬರಿನ ಕೀಸುಳಿ (ನಂಬರ್ ಅಂದರೆ ಕೀಸುಳಿಯ ಅಳತೆ), ಮೂರು ಗರಗಸ, ಸಾಣೆಕಲ್ಲುಗಳು, ಮೂಲೆಮಟ್ಟ, ಒಂದು ಬ್ಯಾಟರಿ ಡ್ರಿಲ್, ಹೊಸ ಕ್ಲ್ಯಾಂಪುಗಳು. ಮತ್ತು ಬೆಂಚು. ಬೆಂಚನ್ನು ಬಿಡು ಅಂತ ಎಲ್ಲರೂ ಹೇಳಿದರು. ನಾನು ಬಿಡಲಿಲ್ಲ. ಕೀಸುವಾಗ ಪೂರ್ತಿ ಮೈಭಾರ ಮುಂದಕ್ಕೆ ಹೋಗುತ್ತದೆ. ಬೆಂಚು ಹಗುರವಾಗಿದ್ದರೆ ಅದೂ ಮುಂದಕ್ಕೆ ಹೋಗುತ್ತದೆ. ಆಗ ಎಷ್ಟೇ ಹರಿತ ಇದ್ದರೂ ಕೀಸುಳಿ ಕೆಲಸ ಮಾಡುವುದಿಲ್ಲ. ಮೆಷಿನ್ ಇಲ್ಲದವನಿಗೆ ಬೆಂಚೇ ಮೆಷಿನ್. ಅದರ ಉದ್ದವನ್ನು 7 ಅಡಿಯಿಂದ 5 ಅಡಿಗೆ ಕತ್ತರಿಸಿ ತಂದೆ. ನಾನೇ ಮಾಡಿದ ಬೆಂಚಿಗೆ ಗರಗಸ ಇಡುವಾಗ ಕೈ ತಡೆಯಿತು. ಈಗ ಅದು ಕಿಟಕಿಯ ಕೆಳಗೆ ಅಳತೆ ತೆಗೆದ ಹಾಗೆ ಕೂತಿದೆ.

22 ಇಂಚು ಉದ್ದದ 7ನೇ ನಂಬರಿನ ಕೀಸುಳಿಯನ್ನು ಮಾತ್ರ ಕೊನೆಯವರೆಗೆ ತೂಗಿದೆ. ಉದ್ದ ಹಲಗೆಯ ಅಂಚು ನೇರ ಮಾಡಲು ಅದು ಬೇಕು. ಈಗ ನಾನು ಎರಡೂವರೆ ಅಡಿಗಿಂತ ಉದ್ದದ್ದನ್ನು ಮಾಡುವುದು ಅಪರೂಪ. 14 ಇಂಚಿನ 5ನೇ ನಂಬರ್ ಆ ಕೆಲಸಕ್ಕೆ ಸಾಕು. ಮಾರಿದೆ.

ಬ್ಯಾಂಡ್ ಸಾ ಒಂದನ್ನು ಮಾರಲಿಲ್ಲ. ಜಾಗ ಇರುವ ಗೆಳೆಯನಿಗೆ ಬಳಸಲು ಕೊಟ್ಟಿದ್ದೇನೆ. ಅದರ ಬ್ಲೇಡು, ಬೆಲ್ಟು, ರಿಪೇರಿ ಅವನದು. ನನಗೆ ಬೇಕಾದಾಗ ಹೋಗಿ ದಪ್ಪ ಮರ ಸೀಳಿಕೊಂಡು ಬರುವುದು. ಒಂದು ವರ್ಷದ ನಂತರ ವಾಪಸ್ ಬೇಕೋ, ಅವನೇ ಕೊಳ್ಳುತ್ತಾನೋ ಅಂತ ತೀರ್ಮಾನಿಸುವುದು ಅಂತ ಇಬ್ಬರೂ ಕಾಗದದ ಮೇಲೆ ಬರೆದುಕೊಂಡಿದ್ದೇವೆ. ಸ್ನೇಹ ಕೆಡಬಾರದು ಅಂದರೆ ಹೀಗೆ ಬರೆದುಕೊಳ್ಳುವುದು ಒಳ್ಳೆಯದು. ಬರುವ ತಿಂಗಳು ಆ ಒಂದು ವರ್ಷ ಮುಗಿಯುತ್ತದೆ. ಇಷ್ಟು ದಿನದಲ್ಲಿ ನಾನು ಅದನ್ನು ಬಳಸಲು ಹೋಗಿದ್ದು ಮೂರು ಸಲ. ಮೊನ್ನೆ ಹೋದಾಗ ಅವನ ಮಗಳು ಅದರಲ್ಲಿ ಸ್ಟೂಲಿನ ಕಾಲುಗಳನ್ನು ಕತ್ತರಿಸುತ್ತಿದ್ದಳು, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಕಾಗದ ತೆಗೆದು ನೋಡುವ ಮುಂಚೆಯೇ ಅವನಿಗೆ ಹೇಳಿ ಬಂದೆ, ಅದು ಇಲ್ಲೇ ಇರಲಿ ಅಂತ.