ತಾತನ ಫ್ರಾಂಕ್ಲಿನ್ ಪುಸ್ತಕಕ್ಕೆ ಹೊಸ ರಟ್ಟು: ಅಗ್ರಹಾರದ ಬೈಂಡಿಂಗ್ ಅಂಗಡಿ

ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯ ಹಳೇ ಪ್ರತಿ ನಮ್ಮ ಅಟ್ಟದಲ್ಲಿತ್ತು, ತಾತನದ್ದು. ರಟ್ಟು ಕಿತ್ತುಹೋಗಿ ಬೆನ್ನನ್ನು ಹುಳ ತಿಂದಿತ್ತು. ಮೊದಲು ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಸುಮ್ನೆ ಗಮ್ ಹಚ್ಚಿ ಕೊಟ್ಟರು, ವಾರದಲ್ಲೇ ಬಿಚ್ಚಿಕೊಂಡಿತು. ಆಮೇಲೆ ಮೈಸೂರಿನ ಅಗ್ರಹಾರದ ಈ ಸಣ್ಣ ಬೈಂಡಿಂಗ್ ಅಂಗಡಿಗೆ ಹೋದೆ.

ಇಲ್ಲಿ ಇನ್ನೂ ಕೈಹೊಲಿಗೆ. ಯಜಮಾನರು ಹಳೇ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿದರು, ಫಾರಂಗಳನ್ನು, ಅಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಒಂದೊಂದಾಗಿ ಜೋಡಿಸಿ ದಪ್ಪ ದಾರದಲ್ಲಿ ಹೊಲಿದರು. ಮೈದಾ ಅಂಟು, ಅದಕ್ಕೆ ಚೂರು ಮೈಲುತುತ್ತ. "ಇನ್ನು ಹುಳ ಹತ್ರ ಬರಲ್ಲ ಸಾರ್" ಅಂದರು.

ಯಾರ ಪುಸ್ತಕ ಅಂತ ಕೇಳಿದರು. ಸ್ಟೂಲ್ ಮೇಲೆ ಕೂತು ಕಥೆ ಹೇಳಿದೆ. 1706ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದವನು. ಅಪ್ಪ ಮೇಣದಬತ್ತಿ, ಸೋಪು ಮಾಡುತ್ತಿದ್ದ, ಒಟ್ಟು 17 ಮಕ್ಕಳು. 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ ಹುಡುಗ ಅಣ್ಣನ ಹೊಡೆತ ತಾಳಲಾರದೆ 17ಕ್ಕೆ ಫಿಲಡೆಲ್ಫಿಯಾಕ್ಕೆ ಓಡಿದ. 1731ರಲ್ಲಿ ಗೆಳೆಯರ ಜೊತೆ ಚಂದಾ ಹಾಕಿ ಲೈಬ್ರರಿ ಕಟ್ಟಿದ, ಅದು ಇವತ್ತಿಗೂ ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ, ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದಕ್ಕೆ, ಸಂವಿಧಾನಕ್ಕೆ, ಮೂರಕ್ಕೂ ಸಹಿ ಹಾಕಿದ. ಗುಲಾಮರನ್ನು ಇಟ್ಟುಕೊಂಡಿದ್ದವನೂ ಹೌದು, ಅದು ನನಗೆ ಈಗಲೂ ನೋವು. ಆದರೆ 1790ರಲ್ಲಿ, ಸಾಯುವ ಎರಡು ತಿಂಗಳ ಮುಂಚೆ, ಗುಲಾಮಗಿರಿ ನಿಲ್ಲಿಸಿ ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅರ್ಜಿ ಕಳಿಸಿದ. ಇಷ್ಟೆಲ್ಲ ಆಗಿಯೂ ಉಯಿಲಿನಲ್ಲಿ ಹೆಸರಿನ ಜೊತೆ ಮೊದಲು ಬರೆದುಕೊಂಡಿದ್ದು ಮುದ್ರಕ ಅಂತ. ರಾಯಭಾರಿ ಅನ್ನೋದು ಆಮೇಲೆ.

ಯುವಕನಾಗಿದ್ದಾಗಲೇ ತನ್ನ ಸಮಾಧಿಗೆ ನಾಲ್ಕು ಸಾಲು ಬರೆದಿಟ್ಟಿದ್ದ. ನನ್ನ ಮೈ ಹಳೇ ಪುಸ್ತಕದ ರಟ್ಟಿದ್ದ ಹಾಗೆ, ಒಳಗಿನದೆಲ್ಲ ಹರಿದುಹೋಗಿದೆ, ಹುಳಕ್ಕೆ ಊಟ, ಆದರೂ ಬರೆದವನೇ, ಅಂದರೆ ದೇವರೇ, ತಿದ್ದಿ ಹೊಸ ಆವೃತ್ತಿಯಾಗಿ ತರುತ್ತಾನೆ, ಹೀಗೆ. ಯಜಮಾನರು ಸೂಜಿ ನಿಲ್ಲಿಸಿ "ಇನ್ನೊಂದ್ಸಲ ಹೇಳಿ ಸಾರ್" ಅಂದರು.

ಪುಸ್ತಕ ತರಲು ಹೋದಾಗ ನೋಡಿದರೆ, ಕಪ್ಪು ಕ್ಯಾಲಿಕೊ ಬಟ್ಟೆಯ ಮೇಲೆ ಚಿನ್ನದ ಬಣ್ಣದಲ್ಲಿ ಫ್ರಾಂಕ್ಲಿನ್ ಹೆಸರು, ಕೆಳಗೆ ಸಣ್ಣದಾಗಿ 'ಮುದ್ರಕ'. ನಾನು ಕೇಳಿರಲಿಲ್ಲ. ಕಣ್ಣು ತುಂಬಿತು.

ಒಟ್ಟು 220 ರೂಪಾಯಿ, ಜಾಸ್ತಿ ಅಲ್ಲ. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯಿತು. ಅಂಚು ಕತ್ತರಿಸುವಾಗ ತಾತ ಪೆನ್ಸಿಲಿನಲ್ಲಿ ಬರೆದಿದ್ದ ಎರಡು ಅಕ್ಷರ ಹೋದವು, ಅದೊಂದು ಬೇಜಾರು. ನಿಮ್ಮ ಪುಸ್ತಕದ ಅಂಚಿನಲ್ಲಿ ಏನಾದರೂ ಬರೆದಿದ್ದರೆ ಕಟಿಂಗ್ ಬೇಡ ಅಂತ ಕೊಡುವಾಗಲೇ ಹೇಳಿಬಿಡಿ.