ರಾಯಚೂರಿನ್ಯಾಗ ಹಳೇ ಉರ್ದು ಹೊಲದ ಕಾಗದ ಓದಿಸಿದ ಅನುಭವ

ನಿಮ್ಮ ಮನ್ಯಾಗ ನಿಜಾಮರ ಕಾಲದ ಹೊಲದ ಕಾಗದ ಇದ್ರ ಸುಮ್ನ ಟ್ರಂಕಿನ್ಯಾಗ ಇಡಬ್ಯಾಡ್ರಿ, ಓದಿಸ್ರಿ. ರಾಯಚೂರು ಕೋರ್ಟ್ ಹತ್ರ ಉರ್ದು ಕಾಗದ ಓದಿ ಕನ್ನಡದಾಗ ಬರ್ದು ಕೊಡೋ ಒಬ್ರು ಹಿರಿಯರು ಕೂಡ್ತಾರ, ಹೋದ ತಿಂಗಳು ನಮ್ದು ಅವ್ರ ಹತ್ರ ಓದಿಸಿದ್ವಿ.

ನಮ್ದು ಮಸ್ಕಿ ಕಡೆ. ಮುತ್ತಜ್ಜನ ಕಾಗದ, ನಾಲ್ಕು ಮಡಿಕೆ, ಮಡಿಚಿದಲ್ಲೆಲ್ಲ ಹರಿದಿತ್ತು, ಹೊಲ ಖರೀದಿ ಪತ್ರ ಅಂತಾನೇ ಮನಿ ಮಂದಿ ಎಲ್ಲ ತಿಳ್ಕೊಂಡಿದ್ರು. ಮೊದ್ಲು ಬೇರೆ ಒಬ್ರಿಗೆ ಕೊಟ್ಟಿದ್ವಿ, ಅವ್ರು ದುಡ್ಡು ತಗೊಂಡು ಎರಡು ತಿಂಗಳು ಇಟ್ಕೊಂಡು ಓದಕ್ಕಾಗಲ್ಲ ಅಂತ ವಾಪಸ್ ಕೊಟ್ರು.

ಇವ್ರು ಹಂಗಲ್ಲ. ಕೈ ಒರೆಸ್ಕೊಂಡು, ಕಾಗದದ ಮ್ಯಾಲೆ ಗಾಜು ಇಟ್ಟು, ಭೂತಗನ್ನಡಿ ಹಿಡ್ದು ಬಲದಿಂದ ಎಡಕ್ಕ ಒಂದೊಂದೇ ಸಾಲು ಓದಿದ್ರು. "ಇದು ಬೈನಾಮಾ, ಅಂದ್ರ ಖರೀದಿ ಪತ್ರ ಅಲ್ಲವ್ವಾ, ತಕ್ಸೀಮ್‌ನಾಮಾ, ಅಣ್ಣತಮ್ಮಂದ್ರು ಪಾಲು ಮಾಡ್ಕೊಂಡದ್ದು" ಅಂದ್ರು. ತಾರೀಖು ಖುರ್ದಾದ್ 1345 ಅಂತ ಇತ್ತು, ನಾನು ಹಿಜರಿ ಇರ್ಬೇಕು ಅಂದ್ರ ಅಲ್ಲ, ಫಸ್ಲಿ, ಹೈದರಾಬಾದ್ ಸರ್ಕಾರದ ಲೆಕ್ಕ, ವರ್ಷ ಅಕ್ಟೋಬರ್‌ದಾಗ ಶುರು, ಖುರ್ದಾದ್ ಏಳನೇ ತಿಂಗಳು, ಅಂದ್ರ 1936ರ ಏಪ್ರಿಲ್ ಅಂತ ಬೆರಳು ಎಣಿಸಿ ಹೇಳಿದ್ರು.

ಹಳ್ಳದ ಕಡೆ ಹೊಲ ಯಾರಿಗೆ, ಬಾವಿ ಯಾರಿಗೆ, ಎಲ್ಲಾ ಬರ್ದಾರ, ಮೂವರು ಅಣ್ಣತಮ್ಮಂದ್ರ ಹೆಸರು ಅದ, ಇಬ್ರು ಅಕ್ಕತಂಗೇರ ಹೆಸರು ಮಾತ್ರ ಒಂದು ಸಾಲಿನ್ಯಾಗೂ ಇಲ್ಲ. ನಂಗ ಭಾಳ ಸಂಕಟ ಆತು. ಆಗ ಹಿರಿಯರು ಹೇಳಿದ್ದು, ರಾಜ ನಿಜಾಮ, ಬರಹ ಉರ್ದು, ಆದ್ರ ಹಿಂದೂ ಮನಿ ಪಾಲಿಗೆ ನಡೀತಿದ್ದದ್ದು ಮಿತಾಕ್ಷರ ಅನ್ನೋ ಹಳೇ ಧರ್ಮಶಾಸ್ತ್ರದ ಗ್ರಂಥ. ಯಾಜ್ಞವಲ್ಕ್ಯ ಸ್ಮೃತಿಗೆ ಆ ಟೀಕೆ ಬರ್ದಾಂವ ವಿಜ್ಞಾನೇಶ್ವರ, ಇಲ್ಲೇ ಕಲಬುರಗಿ ಜಿಲ್ಲೆ ಮರತೂರಿನಾಂವ ಅಂತಾರ, ಕಲ್ಯಾಣದ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯನ ಕಾಲದಾಗ ಇದ್ದಾಂವ. ಮಗ ಹುಟ್ಟಿದ ಕೂಡ್ಲೇ ಪಿತ್ರಾರ್ಜಿತದಾಗ ಪಾಲುದಾರ ಅನ್ನೋದು ಅದ್ರ ಬುಡ, ಬಂಗಾಳದ ಕಡೆ ಬಿಟ್ರ ಹೆಚ್ಚುಕಮ್ಮಿ ದೇಶದ ತುಂಬಾ ಅದೇ ನಡೀತು. ಮಗಳಿಗೂ ಹುಟ್ಟಿನಿಂದ್ಲೇ ಸಮಪಾಲು ಅಂತ ಇಡೀ ದೇಶಕ್ಕ ಕಾಯ್ದೆ ತಿದ್ದಿದ್ದು 2005ಕ್ಕ! ನಮ್ಮ ಕಡೆಯವ್ರು ಬರ್ದ ಗ್ರಂಥ ಅಂತ ಹೆಮ್ಮೆನೂ ಆತು, ಆ ಇಬ್ರು ಅಜ್ಜಿಯರನ್ನ ನೆನೆಸಿ ಹೊಟ್ಟ್ಯಾಗ ಉರಿನೂ ಬಿತ್ತು.

ಮೂವರಿಗೂ ಉರ್ದು ಬರ್ತಿದ್ದಿಲ್ಲ, ಮತ್ಯಾಕ ಉರ್ದು ಅಂತ ಕೇಳ್ದೆ. ಆಗ ಕಚೇರಿ ಕೋರ್ಟು ಎಲ್ಲಾ ಅದ್ರಾಗೇ, ಅದಕ್ಕೂ ಮುಂಚೆ ಪಾರಸಿ. 1948ರ ತನಕ ರಾಯಚೂರು ಕೊಪ್ಪಳ ಎರಡೂ ನಿಜಾಮರ ಕೈಯಾಗ, ಬಳ್ಳಾರಿ 1800ರಿಂದ ಇಂಗ್ಲಿಷರ ಕೈಯಾಗ, ತುಂಗಭದ್ರೆ ದಾಟಿದ್ರ ಕಾಯ್ದೆನೇ ಬ್ಯಾರೆ. ಕಾಯ್ದೆ ಬರ್ದಿಟ್ರೂ ಮಂದಿಗೆ ಓದಾಕ ಬರದಿದ್ರ ಏನು ಉಪಯೋಗ ಅಂತ ಹಿರಿಯರು ಹಳೇ ಕಥಿ ತೆಗೆದ್ರು. ಹಮ್ಮುರಾಬಿ ಅನ್ನೋ ಬ್ಯಾಬಿಲೋನ್ ರಾಜ ಮೂರೂವರೆ ಸಾವಿರ ವರ್ಷಕ್ಕೂ ಹಿಂದ ಕರೀ ಕಲ್ಲಿನ ಮ್ಯಾಲೆ 282 ಕಟ್ಟಳೆ ಕೆತ್ತಿಸಿದ್ದ, ರೋಮ್‌ದಾಗ ಬಡವರು, ಕಾಯ್ದೆ ದೊಡ್ಡವರ ಬಾಯಾಗ ಇದ್ರ ನಮಗ ನ್ಯಾಯ ಸಿಗಲ್ಲ, ಬರ್ದು ಹಾಕ್ರಿ ಅಂತ ಹಟ ಹಿಡ್ದ ಮ್ಯಾಲೇ ಕಾಯ್ದೆ ಬರ್ದ ಹನ್ನೆರಡು ಫಲಕ ಬಂದುವು, ಅದು ಕ್ರಿ.ಪೂ. 450ರ ಸುಮಾರು. ನಮ್ಮ ಮಸ್ಕಿ ಬಂಡೆ ಮ್ಯಾಲಿನ ಅಶೋಕನ ಶಾಸನ ಆಗ ಉತ್ತರದ ಕಡೆ ಮಂದಿ ಆಡ್ತಿದ್ದ ಪ್ರಾಕೃತದಾಗ ಇತ್ತು, ಮುಂದ ಅದ್ರ ಲಿಪಿನೂ ಮರ್ತೇ ಹೋಗಿತ್ತು, 1915ರಾಗ ಸಿಕ್ಕ ಮ್ಯಾಲೇ ಓದಿದ್ರು. ದಿನಾ ಅದ್ರ ಮುಂದೇ ಓಡಾಡಿದ ಊರವಳು ನಾನು, ಅವತ್ತು ಕೇಳಿ ಮೈ ಜುಮ್ ಅಂತು.

ಕಾಗದದ ಕೆಳಗ ಎರಡು ಹೆಬ್ಬೆಟ್ಟು, ಮೂರನೇದು ಮುತ್ತಜ್ಜನ ಸಹಿ, ಕನ್ನಡದಾಗ, ಅಕ್ಷರ ಒಂದಕ್ಕೊಂದು ತಾಕದಂಗ ಬಿಡಿಸಿ ಬರ್ದಾನ. ಆ ಕಾಗದದಾಗ ನಾನೇ ಓದಕ್ಕಾದದ್ದು ಅದೊಂದೇ.

ಪುಟದ ಲೆಕ್ಕ ರೇಟು, ಮೊದ್ಲೇ ಹೇಳ್ತಾರ, ಚೌಕಾಸಿ ಬ್ಯಾಡ, ಆ ಕೆಲಸಕ್ಕ ಅದು ಕಮ್ಮಿನೇ. ಕೈಬರಹದಾಗ ಕೊಡ್ತಾರ, ಟೈಪಿಂಗ್ ನೀವೇ ಮಾಡಿಸ್ಬೇಕು, ಎರಡು ಸಲ ಓಡಾಡ್ಬೇಕಾಗ್ತದ. ಕೋರ್ಟಿಗೆ ಹಾಕೋರು ಮೊದ್ಲು ನಿಮ್ಮ ವಕೀಲ್ರನ್ನ ಕೇಳ್ಕೊಳ್ರಿ. ಜೆರಾಕ್ಸ್ ಬ್ಯಾಡ, ಮೂಲ ಪ್ರತಿನೇ ಒಯ್ರಿ, ಮುದ್ರೆ ಜೆರಾಕ್ಸ್‌ದಾಗ ಕಾಣಲ್ಲ. ಮುಂದಿನ ವಾರ ಅತ್ತಿ ಮನ್ಯಾಗಿನ ಎರಡು ಕಾಗದ ತಗೊಂಡು ಮತ್ತ ಹೊಂಟೀನಿ.